ತಿರುಪು ಮುಟ್ಟುವ ಮೊದಲು: ಹಳೆಯ ಎಫ್‌ಎಂ ಟ್ಯೂನರಿನ ದೋಷ ಹುಡುಕುವ ಕ್ರಮ

ಎಫ್‌ಎಂ ಟ್ಯೂನರ್ ಎಂಬುದು ಸ್ವಂತ ಸ್ಪೀಕರ್ ಇಲ್ಲದ ರೇಡಿಯೊ. ಆಂಟೆನಾದ ಮೂಲಕ ಒಳಬರುವ ಹಲವು ನಿಲಯಗಳ ಸಂಕೇತಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು, ಅದರಲ್ಲಿ ಅಡಕವಾಗಿರುವ ಧ್ವನಿಯನ್ನು ಬೇರ್ಪಡಿಸಿ, ಪಕ್ಕದ ಆಂಪ್ಲಿಫೈಯರಿಗೆ ಒಪ್ಪಿಸುವುದಷ್ಟೇ ಅದರ ಕೆಲಸ. ಈ ಒಂದೇ ಕೆಲಸಕ್ಕಾಗಿ 1960ರ ದಶಕದಿಂದ 1980ರ ದಶಕದ ಆರಂಭದವರೆಗೆ ಅಮೆರಿಕದ ಮರಾಂಟ್ಸ್ ಮತ್ತು ಮೆಕಿಂಟಾಷ್, ಇಂಗ್ಲೆಂಡಿನ ಲೀಕ್ ಮತ್ತು ಕ್ವಾಡ್, ಜಪಾನಿನ ಪಯೊನಿಯರ್, ಕೆನ್‌ವುಡ್, ಸಾನ್‌ಸುಯಿ, ಯಮಾಹಾ ಮೊದಲಾದ ಕಂಪನಿಗಳು ಪೈಪೋಟಿಯ ಮೇಲೆ ತಯಾರಿಸಿದ ಟ್ಯೂನರುಗಳು ಇಂದಿಗೂ ಸಂಗ್ರಾಹಕರ ಮನೆಗಳಲ್ಲಿ ಮತ್ತು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಕಾಣಸಿಗುತ್ತವೆ. ವ್ಯಾಕ್ಯೂಮ್ ಟ್ಯೂಬ್ ಬಳಸಿದ ಮರಾಂಟ್ಸ್ 10ಬಿ ಟ್ಯೂನರಿನ ಮುಖಫಲಕದಲ್ಲಿ, ಸಂಕೇತದ ಗುಣಮಟ್ಟವನ್ನು ಕಣ್ಣಿಗೆ ತೋರಿಸುವ ಪುಟ್ಟ ಆಸಿಲೋಸ್ಕೋಪನ್ನೇ ಕೂರಿಸಲಾಗಿತ್ತು ಎಂಬುದರಿಂದ ಆ ಪೈಪೋಟಿ ಎಷ್ಟು ದೂರ ಹೋಗಿತ್ತೆಂದು ಊಹಿಸಬಹುದು.

ನಲವತ್ತು ಐವತ್ತು ವರ್ಷ ದಾಟಿದ ಇಂಥ ಯಂತ್ರ ಕೆಡುವುದು ಸಹಜ. ಆದರೆ ದುರಸ್ತಿಯ ಮೇಜಿಗೆ ಬರುವ ಟ್ಯೂನರುಗಳಲ್ಲಿ ಅತಿ ಹೆಚ್ಚು ತೊಂದರೆ ಕೊಡುವವು ವಯಸ್ಸಾಗಿ ಕೆಟ್ಟವುಗಳಲ್ಲ, ಅವಸರದ ಕೈಗೆ ಸಿಕ್ಕಿ ಕೆಟ್ಟವುಗಳು. ಮುಚ್ಚಳ ತೆಗೆದೊಡನೆ ಹಳದಿ, ಬಿಳಿ, ಕಪ್ಪು, ಗುಲಾಬಿ ಬಣ್ಣ ಬಳಿದ ಪುಟ್ಟ ಪುಟ್ಟ ತಿರುಪುಗಳು ಸಾಲಾಗಿ ಕಾಣುತ್ತವೆ. ಅವು ಕಾರ್ಖಾನೆಯಲ್ಲಿ ಉಪಕರಣಗಳ ನೆರವಿನಿಂದ ಒಂದು ನಿರ್ದಿಷ್ಟ ಸ್ಥಾನದಲ್ಲಿ ನಿಲ್ಲಿಸಿದ ಶ್ರುತಿ ತಿರುಪುಗಳು. ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತ ಟ್ಯೂನರಿನಲ್ಲಿ ಆ ತಿರುಪುಗಳು ತಾವಾಗಿ ತಿರುಗುವುದಿಲ್ಲವಾದ್ದರಿಂದ, ಅವುಗಳನ್ನು ತಿರುಗಿಸುವುದರಿಂದ ಮೂಲದೋಷ ಹೋಗುವ ಸಂಭವ ತೀರಾ ಕಡಿಮೆ, ಹೊಸ ದೋಷ ಸೇರುವ ಸಂಭವ ಮಾತ್ರ ಬಹಳ ಹೆಚ್ಚು. ಟ್ಯೂನರಿನ ದುರಸ್ತಿಯಲ್ಲಿ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ ಮುಟ್ಟಬೇಕು ಎಂಬ ಕ್ರಮವೇ ಅರ್ಧ ವಿದ್ಯೆ.

ಆ ಕ್ರಮ ಅರ್ಥವಾಗಬೇಕಾದರೆ ಒಳಗೆ ಏನು ನಡೆಯುತ್ತದೆಂಬುದು ಸ್ವಲ್ಪ ತಿಳಿದಿರಬೇಕು. ಎಫ್‌ಎಂ ಪದ್ಧತಿಯ ಪ್ರವರ್ತಕ ಅಮೆರಿಕದ ಎಂಜಿನಿಯರ್ ಎಡ್ವಿನ್ ಹೊವರ್ಡ್ ಆರ್ಮ್‌ಸ್ಟ್ರಾಂಗ್. ಅವನ ಮುಖ್ಯ ಹಕ್ಕುಪತ್ರಗಳು ಮಂಜೂರಾದದ್ದು 1933ರ ಡಿಸೆಂಬರಿನಲ್ಲಿ. ಹಳೆಯ ಎಎಂ ಪದ್ಧತಿಯಲ್ಲಿ ಧ್ವನಿಗೆ ತಕ್ಕಂತೆ ರೇಡಿಯೊ ತರಂಗದ ಬಲ ಏರಿಳಿದರೆ, ಎಫ್‌ಎಂನಲ್ಲಿ ಬಲ ಒಂದೇ ಸಮನಾಗಿದ್ದು ತರಂಗದ ಕಂಪನಾಂಕ, ಅಂದರೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ, ನಿಗದಿತ ಮಟ್ಟದಿಂದ ಎರಡೂ ಕಡೆಗೆ ಗರಿಷ್ಠ 75 ಕಿಲೊಹರ್ಟ್ಸ್‌ನಷ್ಟು ಸರಿದಾಡುತ್ತದೆ. ಸಿಡಿಲು, ಮೋಟಾರು, ಸ್ವಿಚ್ಚುಗಳ ಕಿಡಿ ಮುಂತಾದವು ಮುಖ್ಯವಾಗಿ ತರಂಗದ ಬಲವನ್ನು ಕದಡುವುದರಿಂದ, ಬಲದ ಏರಿಳಿತವನ್ನು ಕತ್ತರಿಸಿ ಎಸೆಯುವ ಎಫ್‌ಎಂ ಗ್ರಾಹಕದಲ್ಲಿ ಗದ್ದಲ ಕಡಿಮೆ.

ಟ್ಯೂನರಿನ ಒಳಗಿನ ಮೊದಲ ಭಾಗಕ್ಕೆ ಫ್ರಂಟ್ ಎಂಡ್ ಎಂದು ಹೆಸರು. ಇದು ಆಂಟೆನಾದಿಂದ ಬಂದ ಅತಿ ದುರ್ಬಲ ಸಂಕೇತವನ್ನು ಬಲಪಡಿಸಿ, ಟ್ಯೂನರಿನೊಳಗೇ ಹುಟ್ಟುವ ಇನ್ನೊಂದು ತರಂಗದೊಡನೆ ಬೆರೆಸುತ್ತದೆ. ಆ ಒಳತರಂಗವನ್ನು ಹುಟ್ಟಿಸುವ ಮಂಡಲವೇ ಲೋಕಲ್ ಆಸಿಲೇಟರ್. ಸಾಮಾನ್ಯವಾಗಿ ಅದು ಕೇಳಬೇಕಾದ ನಿಲಯಕ್ಕಿಂತ 10.7 ಮೆಗಾಹರ್ಟ್ಸ್ ಮೇಲೆ ಇರುವುದರಿಂದ, ಎರಡೂ ಬೆರೆತಾಗ ಅವುಗಳ ವ್ಯತ್ಯಾಸವಾದ 10.7 ಮೆಗಾಹರ್ಟ್ಸ್‌ನ ಹೊಸ ಸಂಕೇತ ದೊರೆಯುತ್ತದೆ. ನಿಲಯ ಯಾವುದೇ ಇರಲಿ, ಮುಂದಿನ ಹಂತಗಳಿಗೆ ಸಿಗುವುದು ಯಾವಾಗಲೂ ಇದೇ ಒಂದು ಕಂಪನಾಂಕ. ಇದನ್ನು ಮಧ್ಯಂತರ ಕಂಪನಾಂಕ ಅಥವಾ ಮೆಕ್ಯಾನಿಕ್‌ಗಳ ಮಾತಿನಲ್ಲಿ ಐಎಫ್ ಎನ್ನುತ್ತಾರೆ. ಸೂಪರ್‌ಹೆಟರೊಡೈನ್ ಎಂಬ ಈ ತಂತ್ರವನ್ನು ಒಂದನೆಯ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ ಪ್ಯಾರಿಸಿನಲ್ಲಿದ್ದಾಗ ರೂಪಿಸಿದವನೂ ಆರ್ಮ್‌ಸ್ಟ್ರಾಂಗನೇ. ಐಎಫ್ ಹಂತದ ನಂತರ ಬರುವ ಡಿಟೆಕ್ಟರ್, ಕಂಪನಾಂಕದ ಸರಿದಾಟವನ್ನು ಧ್ವನಿಯ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಸ್ಟೀರಿಯೊ ಪ್ರಸಾರವಾದರೆ ಅದರ ನಂತರದ ಡೀಕೋಡರ್ ಎಡ ಬಲ ಧ್ವನಿಗಳನ್ನು ಬೇರ್ಪಡಿಸುತ್ತದೆ.

ದೋಷದ ಹುಡುಕಾಟ ಟ್ಯೂನರಿನ ಹೊರಗಿನಿಂದಲೇ ಶುರುವಾಗಬೇಕು. ಕೆಟ್ಟಿದೆಯೆಂದು ಬರುವ ಟ್ಯೂನರುಗಳಲ್ಲಿ ಕೆಲವಾದರೂ ಕೆಟ್ಟಿರುವುದಿಲ್ಲ, ಆಂಟೆನಾ ಇರುವುದಿಲ್ಲ. ಜೇಬಿನ ರೇಡಿಯೊ ತನ್ನ ಪುಟ್ಟ ಕಡ್ಡಿಯಿಂದ ನಿಲಯ ಹಿಡಿಯುವುದನ್ನು ಕಂಡವರು, ದೊಡ್ಡ ಟ್ಯೂನರ್ ಯಾವ ತಂತಿಯೂ ಇಲ್ಲದೆ ಇನ್ನೂ ಚೆನ್ನಾಗಿ ಹಿಡಿಯಬೇಕೆಂದು ನಿರೀಕ್ಷಿಸುತ್ತಾರೆ. ಉಕ್ಕಿನ ಪೆಟ್ಟಿಗೆಯೊಳಗೆ ಮುಚ್ಚಿದ ಟ್ಯೂನರಿಗೆ ಆಂಟೆನಾ ಇಲ್ಲದಿದ್ದರೆ ಗೊರ್ ಎನ್ನುವುದರ ಹೊರತು ಗತಿಯಿಲ್ಲ. ಒಟ್ಟು ಸುಮಾರು ಒಂದೂವರೆ ಮೀಟರ್ ಉದ್ದದ, ನಡುವೆ ಕತ್ತರಿಸಿ ಎರಡು ತುದಿಗಳಿಂದ ತಂತಿ ತೆಗೆದ ಡೈಪೋಲ್ ಆಂಟೆನಾ ಪರೀಕ್ಷೆಗೆ ಸಾಕು. ಹಿಂಭಾಗದಲ್ಲಿ 300 ಓಮ್ ಮತ್ತು 75 ಓಮ್ ಎಂಬ ಎರಡು ಬಗೆಯ ಜೋಡಣೆಗಳಿರುತ್ತವೆ. ದೂರದರ್ಶನದ ಹಳೆಯ ಚಾವಣಿ ಆಂಟೆನಾಗಳಿಗೆ ಬಳಸುತ್ತಿದ್ದ ಚಪ್ಪಟೆ ಜೋಡಿತಂತಿ ಮೊದಲನೆಯದಕ್ಕೆ, ಕೇಬಲ್ ಟಿವಿಯ ದುಂಡು ತಂತಿ ಎರಡನೆಯದಕ್ಕೆ ಸೇರುತ್ತದೆ. ನಗರಗಳಲ್ಲಿ ಇನ್ನೊಂದು ತೊಡಕಿದೆ. ಎತ್ತರದ ಕಟ್ಟಡಗಳಿಗೆ ಬಡಿದು ತಿರುಗಿಬಂದ ಸಂಕೇತ ನೇರ ಸಂಕೇತದೊಡನೆ ಕೂಡಿಕೊಂಡಾಗ ಮಾತಿನಲ್ಲಿ ಸ ಕಾರ ಶ ಕಾರಗಳು ಒಡೆದು ಹರಿದಂತೆ ಕೇಳಿಸುತ್ತವೆ. ಇದನ್ನು ಟ್ಯೂನರಿನ ದೋಷವೆಂದು ಭಾವಿಸಿ ಒಳಗೆ ಕೈಹಾಕುವ ಮೊದಲು ಆಂಟೆನಾವನ್ನು ಸ್ವಲ್ಪ ತಿರುಗಿಸಿ, ಒಂದೆರಡು ಅಡಿ ಸರಿಸಿ ನೋಡಬೇಕು. ಸ್ಟೀರಿಯೊದಲ್ಲಿ ಗೊರಗೊರ ಹೆಚ್ಚಿದ್ದು ಮೋನೊ ಗುಂಡಿ ಒತ್ತಿದೊಡನೆ ಇಳಿದುಹೋದರೆ ಅದೂ ಯಂತ್ರದ ದೋಷವಲ್ಲ. ದುರ್ಬಲ ಸಂಕೇತದಲ್ಲಿ ಸ್ಟೀರಿಯೊ ಗ್ರಹಣದ ಗದ್ದಲ ಮೋನೊಗಿಂತ ಸುಮಾರು 20 ಡೆಸಿಬೆಲ್ ಹೆಚ್ಚಿರುವುದು ಆ ಪದ್ಧತಿಯ ಸ್ವಭಾವ.

ವಿದೇಶದಿಂದ ಬಂದ ಟ್ಯೂನರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಮೊದಲು ಹಿಂಭಾಗದ ಫಲಕವನ್ನು ಓದಲೇಬೇಕು. ಜಪಾನಿನ ಒಳಮಾರುಕಟ್ಟೆಯ ಟ್ಯೂನರುಗಳಿಗೆ 100 ವೋಲ್ಟ್, ಅಮೆರಿಕದವುಗಳಿಗೆ 120 ವೋಲ್ಟ್ ವಿದ್ಯುತ್ತು ಬೇಕು. ಭಾರತದ 230 ವೋಲ್ಟ್ ಅವುಗಳೊಳಗೆ ನುಗ್ಗಿದರೆ ಫ್ಯೂಸಿನೊಂದಿಗೆ ಟ್ರಾನ್ಸ್‌ಫಾರ್ಮರೂ ಸುಡಬಹುದು. ವರ್ಷಗಳಿಂದ ಉರಿಯದ ಟ್ಯೂನರಿಗೆ ನೇರವಾಗಿ ವಿದ್ಯುತ್ತು ಕೊಡುವ ಬದಲು ನಮ್ಮ ರೇಡಿಯೊ ಮೆಕ್ಯಾನಿಕ್‌ಗಳು ಹಿಂದಿನಿಂದ ಬಳಸುತ್ತ ಬಂದಿರುವ ಸೀರೀಸ್ ಬಲ್ಬಿನ ಉಪಾಯ ಈಗಲೂ ಅತ್ಯುತ್ತಮ: 25 ಅಥವಾ 40 ವ್ಯಾಟಿನ ತಂತುವುಳ್ಳ ಹಳೆಯ ಬಗೆಯ ಬಲ್ಬನ್ನು ವಿದ್ಯುತ್ತಿನ ದಾರಿಯಲ್ಲಿ ಸರಣಿಯಾಗಿ ಜೋಡಿಸಿದರೆ, ಒಳಗೆ ಶಾರ್ಟ್ ಇದ್ದಾಗ ಬಲ್ಬು ಪ್ರಖರವಾಗಿ ಉರಿದು ಟ್ಯೂನರನ್ನು ಉಳಿಸುತ್ತದೆ, ಎಲ್ಲವೂ ಸರಿಯಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಟ್ರಾನ್ಸಿಸ್ಟರ್ ಟ್ಯೂನರುಗಳ ಒಳಗಿನ ವೋಲ್ಟೇಜ್ ಬಹುಪಾಲು ಕಡಿಮೆಯಾದರೂ ಸ್ವಿಚ್, ಫ್ಯೂಸ್, ಟ್ರಾನ್ಸ್‌ಫಾರ್ಮರುಗಳ ಬಳಿ ಮನೆಯ ವಿದ್ಯುತ್ತೇ ಹರಿಯುತ್ತಿರುತ್ತದೆ. ಟ್ಯೂಬ್ ಟ್ಯೂನರುಗಳಲ್ಲಾದರೆ 200 ವೋಲ್ಟಿಗೂ ಹೆಚ್ಚಿನ ನೇರವಿದ್ಯುತ್ತು, ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಉಳಿದಿರುತ್ತದೆ. ಮಲ್ಟಿಮೀಟರ್ ಹಿಡಿದು ಅಭ್ಯಾಸವಿಲ್ಲದವರು ಮುಚ್ಚಳ ತೆಗೆಯದಿರುವುದೇ ವಿವೇಕ.

ಮುಚ್ಚಳ ತೆಗೆದ ಮೇಲೆ ಮೊದಲ ಅಳತೆ ವಿದ್ಯುತ್ ಪೂರೈಕೆಯ ಭಾಗದ್ದು. ಈ ಭಾಗ ಮನೆಯ ಪರ್ಯಾಯ ವಿದ್ಯುತ್ತನ್ನು ಇಳಿಸಿ, ಡಯೋಡುಗಳ ಮೂಲಕ ನೇರವಾಗಿಸಿ, ಎಲೆಕ್ಟ್ರೊಲೈಟಿಕ್ ಕಂಡೆನ್ಸರುಗಳಿಂದ ಅದರ ಏರಿಳಿತವನ್ನು ಸಮಗೊಳಿಸಿ, ರೆಗ್ಯುಲೇಟರ್ ಎಂಬ ಮಂಡಲದಿಂದ ಸಾಮಾನ್ಯವಾಗಿ 12ರಿಂದ 13 ವೋಲ್ಟಿನ ಸ್ಥಿರ ಮಟ್ಟದಲ್ಲಿ ನಿಲ್ಲಿಸುತ್ತದೆ. ಎಲೆಕ್ಟ್ರೊಲೈಟಿಕ್ ಕಂಡೆನ್ಸರಿನೊಳಗೆ ರಾಸಾಯನಿಕ ದ್ರವದಲ್ಲಿ ನೆನೆಸಿದ ಕಾಗದದ ಸುರುಳಿ ಇರುವುದರಿಂದ, ದಶಕಗಳು ಕಳೆದಂತೆ ಆ ದ್ರವ ಆರುತ್ತ ಹೋಗಿ ಅದರ ಶಕ್ತಿ ಕುಂದುತ್ತದೆ. ಫಲವಾಗಿ ಸ್ಪೀಕರಿನಲ್ಲಿ ಹಮ್ ಎಂಬ ಗುಂಯ್ಗುಡುವ ಸದ್ದು ಕೇಳಿಬರುತ್ತದೆ. ರೆಗ್ಯುಲೇಟರಿನ ಟ್ರಾನ್ಸಿಸ್ಟರೋ ಜೀನರ್ ಡಯೋಡೋ ಬಳಲಿದ್ದರೆ ವೋಲ್ಟೇಜ್ ಅಲುಗಾಡಿ, ಅದರೊಡನೆ ಲೋಕಲ್ ಆಸಿಲೇಟರಿನ ಕಂಪನಾಂಕವೂ ಸರಿದು, ಹಿಡಿದ ನಿಲಯ ಸ್ವಲ್ಪ ಹೊತ್ತಿನಲ್ಲೇ ಕೈಜಾರುತ್ತದೆ. ನಿಲಯ ಜಾರುವ ಕಾಯಿಲೆಗೆ ಫ್ರಂಟ್ ಎಂಡನ್ನು ದೂರುವವರು ಬಹಳ ಮಂದಿ. ಮಲ್ಟಿಮೀಟರನ್ನು ವಿದ್ಯುತ್ ಪೂರೈಕೆಗೆ ಸಿಕ್ಕಿಸಿ ಕಾಲು ಗಂಟೆ ಕಾಯುವವರು ಕಡಿಮೆ.

ಇಲ್ಲಿಯೇ ಒಂದು ರೂಢಿಯ ಬಗ್ಗೆ ಹೇಳಬೇಕು. ಹಳೆಯ ಯಂತ್ರ ಕೈಗೆ ಬಂದ ಕೂಡಲೇ ಅದರ ಎಲ್ಲ ಎಲೆಕ್ಟ್ರೊಲೈಟಿಕ್ ಕಂಡೆನ್ಸರುಗಳನ್ನೂ ಒಂದೇ ಸಲಕ್ಕೆ ಕಿತ್ತು ಹೊಸತು ಹಾಕುವ ಅಭ್ಯಾಸ ಹಲವು ಉತ್ಸಾಹಿಗಳಲ್ಲಿದೆ. ವಿದ್ಯುತ್ ಪೂರೈಕೆಯ ಮಟ್ಟಿಗೆ ಅದು ಒಪ್ಪತಕ್ಕದ್ದೇ. ಆದರೆ ಇಡೀ ಟ್ಯೂನರಿನಲ್ಲಿ ಹಾಗೆ ಮಾಡಿದಾಗ ಎಲ್ಲೋ ಒಂದು ಧ್ರುವ ತಿರುವುಮುರುವಾಗಿ, ಎಲ್ಲೋ ಒಂದು ತಾಮ್ರದ ಪಟ್ಟಿ ಎದ್ದುಬಂದು, ಮೊದಲಿದ್ದ ದೋಷ ಯಾವುದು, ಹೊಸದಾಗಿ ಸೇರಿದ್ದು ಯಾವುದು ಎಂದು ತಿಳಿಯದ ಸ್ಥಿತಿ ಬರುತ್ತದೆ. ಮೊದಲು ದೋಷ ಹುಡುಕಿ, ಯಂತ್ರ ಹಾಡತೊಡಗಿದ ಮೇಲೆ ಒಂದೊಂದಾಗಿ ಬದಲಾಯಿಸುವುದು ನಿಧಾನವೆನಿಸಿದರೂ ಸುರಕ್ಷಿತ.

ವಿದ್ಯುತ್ ಪೂರೈಕೆ ಸರಿಯಿದ್ದೂ ಟ್ಯೂನರ್ ಮೌನವಾಗಿದ್ದರೆ ಆ ಮೌನ ಎಂಥದ್ದೆಂದು ಗುರುತಿಸಬೇಕು. ಎರಡು ನಿಲಯಗಳ ನಡುವಿನ ಗದ್ದಲವನ್ನು ಕೇಳಿಸದಂತೆ ತಡೆಯುವ ಮ್ಯೂಟಿಂಗ್ ಎಂಬ ಏರ್ಪಾಡು ಬಹುತೇಕ ಎಲ್ಲ ಒಳ್ಳೆಯ ಟ್ಯೂನರುಗಳಲ್ಲಿದ್ದು, ಅದು ಕೆಟ್ಟಾಗ ನಿಲಯವನ್ನೂ ತಡೆಯತೊಡಗುತ್ತದೆ. ಆದ್ದರಿಂದ ಮ್ಯೂಟಿಂಗ್ ಗುಂಡಿಯನ್ನು ಬಿಡಿಸಿ ಆಲಿಸುವುದು ಮೊದಲ ಹೆಜ್ಜೆ. ಆಗ ಗೊರ್ ಎಂಬ ಸದ್ದು ಬಂದರೆ ಡಿಟೆಕ್ಟರಿನಿಂದ ಸ್ಪೀಕರಿನವರೆಗಿನ ದಾರಿ ಬಹುಮಟ್ಟಿಗೆ ತೆರೆದಿದೆಯೆಂದು ಅರ್ಥ. ಆ ಸದ್ದೂ ಇಲ್ಲವಾದರೆ ತಡೆ ಕೊನೆಯ ಹಂತಗಳಲ್ಲಿದೆ. ಮುಖಫಲಕದ ಎರಡು ಮೀಟರುಗಳು ಇಲ್ಲಿ ದುಬಾರಿ ಉಪಕರಣಗಳ ಕೆಲಸವನ್ನೇ ಮಾಡಿಕೊಡುತ್ತವೆ. ಡಯಲನ್ನು ತಿರುಗಿಸುತ್ತ ಹೋದಂತೆ ಸಿಗ್ನಲ್ ಮೀಟರಿನ ಮುಳ್ಳು ನಿಲಯಗಳ ಬಳಿ ಏಳುತ್ತಿದ್ದೂ ಧ್ವನಿ ಇಲ್ಲದಿದ್ದರೆ ಫ್ರಂಟ್ ಎಂಡ್ ಮತ್ತು ಐಎಫ್ ಹಂತಗಳು ಜೀವಂತವಾಗಿವೆ, ದೋಷ ಅವುಗಳ ಮುಂದೆ ಇದೆ. ಮುಳ್ಳು ಎಲ್ಲಿಯೂ ಅಲುಗದೆ ಬರೀ ಗೊರಗೊರ ಕೇಳಿಸಿದರೆ ದೋಷ ಹಿಂದಿದೆ. ಒಂದೇ ಕಿವಿಯಲ್ಲಿ ಧ್ವನಿ ಇಲ್ಲವೆಂದರೆ ಎಡ ಬಲ ಬೇರ್ಪಟ್ಟ ನಂತರದ ಭಾಗವನ್ನಷ್ಟೇ ನೋಡಿದರೆ ಸಾಕು. ಹೀಗೆ ಒಂದು ತಿರುಪನ್ನೂ ಮುಟ್ಟದೆ ಇಡೀ ಯಂತ್ರವನ್ನು ಎರಡಾಗಿ, ನಾಲ್ಕಾಗಿ ಹೋಳು ಮಾಡಿಕೊಂಡು ಹುಡುಕಬೇಕಾದ ಜಾಗವನ್ನು ಕಿರಿದುಗೊಳಿಸಬಹುದು.

1970ರ ದಶಕದ ಬಹಳಷ್ಟು ಟ್ಯೂನರುಗಳಲ್ಲಿ ಐಎಫ್ ವರ್ಧನೆ, ಡಿಟೆಕ್ಟರ್, ಮ್ಯೂಟಿಂಗ್, ಮೀಟರುಗಳ ಚಾಲನೆ ಎಲ್ಲವೂ ಒಂದೇ ಐಸಿಯಲ್ಲಿ ಸೇರಿರುತ್ತವೆ. ಆರ್‌ಸಿಎ ಕಂಪನಿಯ ಸಿಎ3089 ಮತ್ತು ಅದಕ್ಕೆ ಸಮನಾದ ಹಿಟಾಚಿಯ ಎಚ್‌ಎ1137 ಇವುಗಳಲ್ಲಿ ಪ್ರಸಿದ್ಧವಾದವು. ಈ ಐಸಿಯ 11ನೆಯ ಕಾಲಿಗೆ ಪೂರೈಕೆಯ ವೋಲ್ಟೇಜ್ ಬರುತ್ತಿದ್ದು, ಧ್ವನಿ ಹೊರಬರುವ 6ನೆಯ ಕಾಲಿನಲ್ಲಿ ಸುಮಾರು 5.6 ವೋಲ್ಟ್, ಸಂಕೇತ ಒಳಹೋಗುವ 1ನೆಯ ಕಾಲಿನಲ್ಲಿ ಸುಮಾರು 1.9 ವೋಲ್ಟ್ ಕಂಡರೆ ಐಸಿ ಸಾಮಾನ್ಯವಾಗಿ ಆರೋಗ್ಯವಾಗಿದೆಯೆಂದು ನಂಬಬಹುದು. ಮ್ಯೂಟಿಂಗ್ ಸೂಚನೆ 12ನೆಯ ಕಾಲಿನಿಂದ ಹೊರಟು, ಮಟ್ಟ ಹೊಂದಿಸುವ ಪುಟ್ಟ ಪ್ರೀಸೆಟ್ಟಿನ ಮೂಲಕ 5ನೆಯ ಕಾಲಿಗೆ ಮರಳುತ್ತದೆ. ಐಸಿಯನ್ನು ಅನುಮಾನಿಸಿ ಕೀಳುವುದಕ್ಕಿಂತ ಮೊದಲು ಈ ಪ್ರೀಸೆಟ್ಟನ್ನು ನೋಡುವುದು ಲೇಸು. ತುಕ್ಕು ಹಿಡಿದ ಅದರ ಸಂಪರ್ಕವೇ ಎಷ್ಟೋ ಸಲ ಇಡೀ ಟ್ಯೂನರಿನ ಬಾಯಿ ಕಟ್ಟಿರುತ್ತದೆ.

ಮೀಟರಿನ ಮುಳ್ಳು ಅಲುಗದಿದ್ದರೆ ಮೊದಲ ಅನುಮಾನ ಲೋಕಲ್ ಆಸಿಲೇಟರಿನ ಮೇಲೆ. ಅದು ಕಂಪಿಸುತ್ತಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಇನ್ನೊಂದು ಸಾಧಾರಣ ಎಫ್‌ಎಂ ರೇಡಿಯೊ ಸಾಕು. ಟ್ಯೂನರನ್ನು 90 ಮೆಗಾಹರ್ಟ್ಸ್‌ಗೆ ತಿರುಗಿಸಿದರೆ ಅದರ ಆಸಿಲೇಟರ್ 100.7ರಲ್ಲಿ ಕಂಪಿಸಬೇಕು. ಪಕ್ಕದಲ್ಲೇ ಇಟ್ಟ ರೇಡಿಯೊವನ್ನು ಆ ಸ್ಥಾನದ ಆಸುಪಾಸಿನಲ್ಲಿ ನಿಧಾನವಾಗಿ ತಿರುಗಿಸಿದಾಗ ಅದರ ಗೊರಗೊರ ಒಂದು ಕಡೆ ತಟ್ಟನೆ ಅಡಗಿ ನಿಶ್ಶಬ್ದವಾದರೆ, ಮತ್ತು ಟ್ಯೂನರಿನ ಗುಂಡಿಯನ್ನು ತುಸು ತಿರುಗಿಸಿದೊಡನೆ ಆ ನಿಶ್ಶಬ್ದವೂ ಸರಿದುಹೋದರೆ ಆಸಿಲೇಟರ್ ಕೆಲಸ ಮಾಡುತ್ತಿದೆ. 100.7ರಲ್ಲಿ ಊರಿನ ಯಾವುದಾದರೂ ನಿಲಯ ಇದ್ದರೆ ಬೇರೆ ಖಾಲಿ ಜಾಗವನ್ನು ಆರಿಸಿ ಅದೇ 10.7ರ ಲೆಕ್ಕ ಹಿಡಿಯಬೇಕು. ಸಾವಿರಾರು ರೂಪಾಯಿಯ ಉಪಕರಣ ಹೇಳುವ ಉತ್ತರವನ್ನು ಈ ಉಪಾಯ ಕಾಸಿಲ್ಲದೆ ಹೇಳುತ್ತದೆ. ಆಸಿಲೇಟರ್ ಸರಿಯಿದ್ದೂ ಬಲವಾದ ನಿಲಯಗಳು ಮಾತ್ರ ಕ್ಷೀಣವಾಗಿ ಕೇಳಿಸುತ್ತಿದ್ದರೆ, ಆಂಟೆನಾ ಸಂಕೇತವನ್ನು ಮೊದಲು ಎದುರುಗೊಳ್ಳುವ ಮಾಸ್‌ಫೆಟ್ ಎಂಬ ಸೂಕ್ಷ್ಮ ಟ್ರಾನ್ಸಿಸ್ಟರ್ ಸತ್ತಿರುವ ಸಂಭವವಿದೆ. ಮನೆಯ ಮೇಲಿನ ಆಂಟೆನಾ ಜೋಡಿಸಿಟ್ಟಿದ್ದ ಟ್ಯೂನರುಗಳಲ್ಲಿ ಹತ್ತಿರದ ಸಿಡಿಲಿನ ಪ್ರಭಾವದಿಂದ ಹೀಗಾಗುವುದುಂಟು.

ಡಯಲ್ ತಿರುಗಿಸುವಾಗ ಕರಕರ ಸದ್ದು ಬಂದು, ನಿಲಯ ಹಾರಿಹಾರಿ ಕೇಳಿಸುತ್ತಿದ್ದರೆ ಅದರ ಕಾರಣ ಬಹುಮಟ್ಟಿಗೆ ಗ್ಯಾಂಗ್ ಕಂಡೆನ್ಸರಿನಲ್ಲಿದೆ. ಒಂದೇ ಕಂಬಿಗೆ ಬಿಗಿದ ಅರೆವೃತ್ತಾಕಾರದ ತಗಡುಗಳ ಮೂರು, ನಾಲ್ಕು ಅಥವಾ ಐದು ಗುಂಪುಗಳು ಸ್ಥಿರ ತಗಡುಗಳ ನಡುವೆ ತೂರಿ ಹೊರಬರುತ್ತ ಟ್ಯೂನರಿನ ಮಂಡಲಗಳನ್ನು ಒಟ್ಟಿಗೆ ಶ್ರುತಿಗೊಳಿಸುತ್ತವೆ. ಗುಂಪುಗಳು ಹೆಚ್ಚಿದಷ್ಟೂ ಡಯಲಿನ ಬೇರೆಡೆಯ ಬಲವಾದ ಸಂಕೇತಗಳ ಕಾಟ ಕಡಿಮೆ. ತಿರುಗುವ ಕಂಬಿಗೆ ಒತ್ತಿಕೊಂಡಿರುವ ಹಿತ್ತಾಳೆಯ ಪುಟ್ಟ ಸ್ಪ್ರಿಂಗ್ ಪಟ್ಟಿಗಳ ಮೂಲಕವೇ ಅದಕ್ಕೆ ಅರ್ತ್ ಸಂಪರ್ಕ ದೊರೆಯುವುದರಿಂದ, ಅಲ್ಲಿ ಹಳೆಯ ಗ್ರೀಸು ಗಟ್ಟಿಯಾಗಿ ಕಿಲುಬು ಕೂತಾಗ ನೂರು ಮೆಗಾಹರ್ಟ್ಸ್‌ನ ಸಂಕೇತಕ್ಕೆ ದಾರಿ ಕೆಡುತ್ತದೆ. ಕಡ್ಡಿಯ ತುದಿಯಲ್ಲಿ ಸ್ವಲ್ಪವೇ ಕಾಂಟ್ಯಾಕ್ಟ್ ಕ್ಲೀನರ್ ಅದ್ದಿ ಪ್ರತಿ ಪಟ್ಟಿಗೂ ತಾಗಿಸಿ, ಗುಂಡಿಯನ್ನು ಕೊನೆಯಿಂದ ಕೊನೆಗೆ ಹಲವು ಬಾರಿ ತಿರುಗಿಸಿದರೆ, ನಿಲಯ ಜಾರುವುದು, ಡಯಲ್ ಅಂಕಿ ತಪ್ಪುವುದು, ಸ್ಟೀರಿಯೊ ಮಿಣುಕುವುದು ಮುಂತಾದ ಅನೇಕ ರೋಗಗಳು ಒಂದೇ ಏಟಿಗೆ ಹೋಗುವುದುಂಟು. ಕ್ಲೀನರನ್ನು ತಗಡುಗಳ ಮೇಲೂ ಟ್ರಿಮ್ಮರುಗಳೆಂಬ ಪುಟ್ಟ ಹೊಂದಾಣಿಕೆ ಕಂಡೆನ್ಸರುಗಳ ಮೇಲೂ ಸಿಂಪಡಿಸಬಾರದು, ತಗಡುಗಳನ್ನು ಬಾಗಿಸಬಾರದು. ಡಯಲ್ ಗಾಜನ್ನು ಹೊಳಪಿಸುವ ಉತ್ಸಾಹವೂ ಅಪಾಯಕಾರಿಯೇ. ಅಂಕಿಗಳನ್ನು ಹೆಚ್ಚಾಗಿ ಗಾಜಿನ ಹಿಂಬದಿಗೆ ಅಚ್ಚೊತ್ತಿರುವುದರಿಂದ ಸ್ಪಿರಿಟ್ಟಿನ ಬಟ್ಟೆ ತಾಗಿದರೆ ಕೊಳೆಯೊಂದಿಗೆ ಅಂಕಿಗಳೂ ಅಳಿಸಿಹೋಗುತ್ತವೆ.

ಗುಂಡಿಗಳ, ಸ್ವಿಚ್ಚುಗಳ ಒಳಸಂಪರ್ಕಕ್ಕೂ ಇದೇ ಚಿಕಿತ್ಸೆ. ಬೆಸುಗೆ ಬಿಟ್ಟ ಜಾಗಗಳನ್ನು, ಅಂದರೆ ಅಂಗಡಿಯ ಮಾತಿನ ಡ್ರೈ ಸೋಲ್ಡರುಗಳನ್ನು, ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ ಪತ್ತೆ ಮಾಡಬಹುದು. ಟ್ರಾನ್ಸಿಸ್ಟರುಗಳಲ್ಲಿ ಆ ಕಾಲದ ಹಿಟಾಚಿಯ 2ಎಸ್‌ಸಿ458 ಕುಖ್ಯಾತವಾದದ್ದು. ಅದರ ಬೆಳ್ಳಿ ಲೇಪದ ಕಾಲುಗಳು ಕಪ್ಪಾಗಿ, ಟ್ಯೂನರ್ ಆಗಾಗ ಚಟಪಟ ಸದ್ದು ಮಾಡತೊಡಗುತ್ತದೆ. ಧ್ವನಿಯ ಹಂತಗಳಲ್ಲಿ ಅದರ ಜಾಗಕ್ಕೆ ಬಿಸಿ547ನಂಥ ಸುಲಭವಾಗಿ ಸಿಗುವ ಟ್ರಾನ್ಸಿಸ್ಟರನ್ನು ಹಾಕಬಹುದಾದರೂ ಕಾಲುಗಳ ಕ್ರಮ ಬೇರೆಯೆಂಬುದನ್ನು ಮರೆಯಬಾರದು: ಜಪಾನಿನವುಗಳಲ್ಲಿ ಸಾಮಾನ್ಯವಾಗಿ ಬೇಸ್ ಎಂಬ ಕಾಲು ಒಂದು ತುದಿಗಿದ್ದರೆ ಬಿಸಿ547ರಲ್ಲಿ ನಡುವಿದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಸಾಮಾನ್ಯ ಭಾಗಗಳು ಸುಲಭವಾಗಿ ದೊರೆಯುತ್ತವೆ. ಹಳೆಯ ಜಪಾನಿ ಐಸಿಗಳಿಗಾದರೆ ಕೆಟ್ಟ ಸೆಟ್ಟುಗಳಿಂದ ಕಿತ್ತವನ್ನೇ ನಂಬುವುದು ಮೇಲು. ಹೊಸದೆಂದು ಮಾರುವುದರಲ್ಲಿ ನಕಲಿ ಮಾಲು ಸೇರಿರುತ್ತದೆ.

ಧ್ವನಿ ಬರುತ್ತಿದ್ದೂ ಒಡಕಾಗಿದ್ದರೆ ಡಿಟೆಕ್ಟರನ್ನು ಪರೀಕ್ಷಿಸಬೇಕು. ಮುಖಫಲಕದ ಇನ್ನೊಂದು ಮೀಟರ್, ಅಂದರೆ ನಡುಮುಳ್ಳಿನ ಮೀಟರ್, ಇಲ್ಲಿ ತಕ್ಕಡಿಯ ನಾಲಗೆಯ ಹಾಗೆ ವರ್ತಿಸುತ್ತದೆ: ನಿಲಯ ಸರಿಯಾಗಿ ಹಿಡಿದಾಗ ಅದು ನಟ್ಟನಡುವೆ ನಿಲ್ಲಬೇಕು, ಅದೇ ಕ್ಷಣದಲ್ಲಿ ಸಿಗ್ನಲ್ ಮೀಟರ್ ಅತಿ ಎತ್ತರದಲ್ಲಿರಬೇಕು. ಒಂದು ಮೀಟರ್ ಸರಿಯೆನ್ನುವ ಜಾಗ ಬೇರೆ, ಇನ್ನೊಂದು ಸರಿಯೆನ್ನುವ ಜಾಗ ಬೇರೆ ಎಂದಾದರೆ ಡಿಟೆಕ್ಟರಿನ ಸುರುಳಿ ಶ್ರುತಿ ತಪ್ಪಿದೆ. ಕಾಲ ಕಳೆದಂತೆ ಶ್ರುತಿ ತಪ್ಪಲು ತಿರುಪು ಕಾರಣವಲ್ಲ, ಆ ಸುರುಳಿಯ ಲೋಹದ ಡಬ್ಬಿಯ ತಳದಲ್ಲಿ ಅಡಗಿರುವ ಸಣ್ಣ ಕೊಳವೆಯಂಥ ಸೆರಾಮಿಕ್ ಕಂಡೆನ್ಸರ್ ಕಾರಣ. ಅದರ ಬೆಳ್ಳಿಯ ಲೇಪ ಕಪ್ಪಾಗಿ ಬೆಲೆ ಬದಲಾಗುತ್ತದೆ. ತಿರುಪನ್ನು ಎಷ್ಟು ತಿರುಗಿಸಿದರೂ ಮೀಟರ್ ನಡುವಿಗೆ ಬಾರದಿದ್ದರೆ ಡಬ್ಬಿಯನ್ನು ಬಿಚ್ಚಿ ಆ ಕಂಡೆನ್ಸರನ್ನು ತೆಗೆದು, ಹೊರಗಿನಿಂದ ಸರಿಯಾದ ಬೆಲೆಯದನ್ನು ಸೇರಿಸುವುದೇ ಪರಿಹಾರ. ಐಎಫ್ ಹಂತದ ಸೆರಾಮಿಕ್ ಫಿಲ್ಟರುಗಳು ಇದಕ್ಕಿಂತ ಗಟ್ಟಿ. ಮುರಾಟಾ ಕಂಪನಿಯ ಫಿಲ್ಟರುಗಳಲ್ಲಿ ಕೆಂಪು ಚುಕ್ಕೆ 10.70, ನೀಲಿ 10.67, ಕಿತ್ತಳೆ 10.73 ಮೆಗಾಹರ್ಟ್ಸ್‌ನ ಕೇಂದ್ರವನ್ನು ಸೂಚಿಸುತ್ತದೆ. ಒಂದನ್ನು ಬದಲಾಯಿಸುವಾಗ ಅದೇ ಬಣ್ಣದ್ದನ್ನು ಹಾಕದಿದ್ದರೆ ಸಂಕೇತದ ಒಂದು ಬದಿ ಕತ್ತರಿಸಿದಂತಾಗಿ ಧ್ವನಿ ಕೆಡುತ್ತದೆ.

ಸ್ಟೀರಿಯೊ ದೀಪ ಉರಿಯದಿರುವುದು ಇನ್ನೊಂದು ಸಾಮಾನ್ಯ ದೂರು. ಅಮೆರಿಕ 1961ರಲ್ಲಿ ಅಂಗೀಕರಿಸಿದ ಪದ್ಧತಿಯಂತೆ ಎಡ ಬಲಗಳ ಮೊತ್ತ ಸಾಮಾನ್ಯ ಧ್ವನಿಯಾಗಿಯೂ, ಅವುಗಳ ವ್ಯತ್ಯಾಸ 38 ಕಿಲೊಹರ್ಟ್ಸ್‌ನ ಉಪತರಂಗದ ಮೇಲೆಯೂ ಪ್ರಸಾರವಾಗುತ್ತದೆ. ಅದರೊಡನೆ 19 ಕಿಲೊಹರ್ಟ್ಸ್‌ನ ಪೈಲಟ್ ಎಂಬ ಮಾರ್ಗದರ್ಶಿ ಸಂಕೇತ ಇರುತ್ತದೆ. ಮೊಟೊರೊಲಾದ ಎಂಸಿ1310ರಂಥ ಡೀಕೋಡರ್ ಐಸಿ, ತನ್ನೊಳಗಿನ 76 ಕಿಲೊಹರ್ಟ್ಸ್‌ನ ಆಸಿಲೇಟರನ್ನು ಭಾಗಿಸಿ ಪೈಲಟ್ಟಿನೊಂದಿಗೆ ಹೊಂದಿಸಿಕೊಂಡಾಗ ದೀಪ ಹೊತ್ತುತ್ತದೆ. ದೀಪವಿಲ್ಲದಿದ್ದರೂ ಎಡ ಬಲಗಳು ಬೇರೆಬೇರೆಯಾಗಿ ಕೇಳಿಸುತ್ತಿದ್ದರೆ ಬಲ್ಬು ಸುಟ್ಟಿದೆ, ಅಷ್ಟೆ. ಎಲ್ಲ ನಿಲಯಗಳೂ ಸ್ಟೀರಿಯೊದಲ್ಲಿ ಪ್ರಸಾರ ಮಾಡುವುದಿಲ್ಲವೆಂಬುದನ್ನೂ ನೆನಪಿಡಬೇಕು. ಇವೆರಡೂ ಅಲ್ಲವೆಂದಾದಾಗ ಆ ಆಸಿಲೇಟರಿನ ಪ್ರೀಸೆಟ್ಟನ್ನು ಮೆಲ್ಲನೆ ತಿರುಗಿಸಿ, ದೀಪ ಹೊತ್ತುವ ಮತ್ತು ಆರುವ ಎರಡು ತುದಿಗಳನ್ನು ಗುರುತಿಸಿಕೊಂಡು ಅವುಗಳ ಮಧ್ಯದಲ್ಲಿ ನಿಲ್ಲಿಸಬಹುದು. ಉಪಕರಣವಿಲ್ಲದೆ ಸುರಕ್ಷಿತವಾಗಿ ಮಾಡಬಹುದಾದ ಹೊಂದಾಣಿಕೆ ಇದೊಂದೇ ಎಂದರೂ ತಪ್ಪಿಲ್ಲ.

ಉಳಿದ ಹೊಂದಾಣಿಕೆ, ಅಂದರೆ ಅಲೈನ್‌ಮೆಂಟ್, ಎಲ್ಲ ದೋಷಗಳೂ ಪರಿಹಾರವಾದ ಮೇಲಿನ ಕೆಲಸ. ಕೆಟ್ಟ ಭಾಗ ಇರುವಾಗಲೇ ಶ್ರುತಿ ಹೊಂದಿಸಿದರೆ ಆ ಭಾಗ ಬದಲಾದ ದಿನ ಎಲ್ಲವೂ ಮತ್ತೆ ತಪ್ಪುತ್ತದೆ. ಟ್ಯೂನರನ್ನು ಸಾಕಷ್ಟು ಹೊತ್ತು ಉರಿಸಿ ಬಿಸಿಗೊಳಿಸಿ, ತಾನಾಗಿ ನಿಲಯ ಹಿಡಿದಿಟ್ಟುಕೊಳ್ಳುವ ಎಎಫ್‌ಸಿ ಏರ್ಪಾಡಿದ್ದರೆ ಅದನ್ನು ನಿಲ್ಲಿಸಿ, ಸಿಗ್ನಲ್ ಜನರೇಟರಿನ ನೆರವಿನಿಂದ ಡಯಲಿನ ಕೆಳತುದಿಯಲ್ಲಿ ಸುರುಳಿಯನ್ನೂ ಮೇಲ್ತುದಿಯಲ್ಲಿ ಟ್ರಿಮ್ಮರನ್ನೂ ಸರಿಪಡಿಸಬೇಕು. ಒಂದು ಇನ್ನೊಂದನ್ನು ಸ್ವಲ್ಪ ಕದಲಿಸುವುದರಿಂದ ಎರಡನ್ನೂ ಸರದಿಯಲ್ಲಿ ಮತ್ತೆ ಮತ್ತೆ ನೋಡಬೇಕು. ಲೋಹದ ಸ್ಕ್ರೂಡ್ರೈವರ್ ಹತ್ತಿರ ಬಂದರೇ ಶ್ರುತಿ ಬದಲಾಗುವುದಲ್ಲದೆ ಸುರುಳಿಯೊಳಗಿನ ಫೆರೈಟ್ ತಿರುಪು ಸೀಳುವ ಭಯವೂ ಇರುವುದರಿಂದ ಪ್ಲಾಸ್ಟಿಕ್ಕಿನ ಹತ್ಯಾರವನ್ನೇ ಬಳಸಬೇಕು, ತಿರುಗಿಸುವ ಮೊದಲು ತಿರುಪಿನ ಮೂಲಸ್ಥಾನದ ಚಿತ್ರ ತೆಗೆದಿಟ್ಟುಕೊಳ್ಳಬೇಕು.

ಅಮೆರಿಕದ ಮಾರುಕಟ್ಟೆಯ ಟ್ಯೂನರ್ ಭಾರತದಲ್ಲಿ ಸ್ವಲ್ಪ ಮಂಕಾಗಿ ಕೇಳಿಸುವುದಕ್ಕೆ ದೋಷವಲ್ಲದ ಒಂದು ಕಾರಣವಿದೆ. ಪ್ರಸಾರದಲ್ಲಿ ಮೇಲಿನ ಸ್ವರಗಳನ್ನು ಹಿಗ್ಗಿಸಿ ಕಳಿಸಿ ಗ್ರಾಹಕದಲ್ಲಿ ಅಷ್ಟೇ ತಗ್ಗಿಸಿಕೊಳ್ಳುವ ಡಿ-ಎಂಫಸಿಸ್ ಎಂಬ ಕ್ರಮಕ್ಕೆ ಅಮೆರಿಕದಲ್ಲಿ 75 ಮೈಕ್ರೊಸೆಕೆಂಡ್, ಯೂರೋಪಿನಲ್ಲೂ ಭಾರತದಲ್ಲೂ 50 ಮೈಕ್ರೊಸೆಕೆಂಡ್ ಅಳತೆ ಇರುವುದರಿಂದ, ಅಮೆರಿಕದ ಟ್ಯೂನರ್ ಇಲ್ಲಿ ಮೇಲಿನ ಸ್ವರಗಳನ್ನು ಸುಮಾರು 3.5 ಡೆಸಿಬೆಲ್‌ವರೆಗೆ ಅನಗತ್ಯವಾಗಿ ತಗ್ಗಿಸುತ್ತದೆ. ಡೀಕೋಡರಿನ ನಂತರದ ಎರಡು ಕಂಡೆನ್ಸರುಗಳನ್ನು ಮೂಲಬೆಲೆಯ ಮೂರನೆಯ ಎರಡರಷ್ಟಕ್ಕೆ ಇಳಿಸಿದರೆ ತಂಬೂರಿಯ ನಾದ, ತಾಳದ ಠೇಂಕಾರ ಮರಳುತ್ತದೆ.

ದುರಸ್ತಿಗೆ ಒಗ್ಗದ ಟ್ಯೂನರುಗಳೂ ಇವೆ. ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಹೊಸ ಸುರುಳಿ ಸುತ್ತಿಸಬಹುದು, ತುಂಡಾದ ಡಯಲ್ ದಾರಕ್ಕೆ ಬೇರೆ ದಾರ ಕಟ್ಟಬಹುದು. ಫ್ರಂಟ್ ಎಂಡಿನ ಸುರುಳಿಗಳನ್ನು ಯಾರೋ ಎಳೆದಾಡಿದ್ದರೆ, ಗ್ಯಾಂಗಿನ ತಗಡುಗಳು ಬಾಗಿದ್ದರೆ, ಅದೇ ಮಾದರಿಯ ಇನ್ನೊಂದು ಕೆಟ್ಟ ಟ್ಯೂನರ್ ಸಿಗುವವರೆಗೆ ಕಾಯುವುದೇ ದಾರಿ. ಜಪಾನಿನ ಒಳಮಾರುಕಟ್ಟೆಗೆಂದು ತಯಾರಾದ ಹಳೆಯ ಟ್ಯೂನರುಗಳದ್ದು ಬೇರೆಯೇ ಕಥೆ. ಆ ದೇಶದ ಎಫ್‌ಎಂ ಪಟ್ಟಿ 76ರಿಂದ 90 ಮೆಗಾಹರ್ಟ್ಸ್‌ವರೆಗಿತ್ತು. ಭಾರತದ ನಿಲಯಗಳು 88ರಿಂದ 108ರ ನಡುವೆ ಇವೆ. ಬೆಂಗಳೂರಿನಲ್ಲಿ ಆಕಾಶವಾಣಿಯ ರೇನ್‌ಬೋ 101.3ರಲ್ಲಿ, ವಿವಿಧ ಭಾರತಿ 102.9ರಲ್ಲಿ, 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ ಆರಂಭವಾದ ರೇಡಿಯೊ ಸಿಟಿ 91.1ರಲ್ಲಿ ಸಿಗುವುದರಿಂದ, ಯಾವ ಭಾಗವೂ ಕೆಡದ ಅಂಥ ಟ್ಯೂನರ್ ಕೂಡ ಇವುಗಳಲ್ಲಿ ಒಂದನ್ನೂ ಹಿಡಿಯಲಾರದು. ಕೊಳ್ಳುವವರು ಹಿಂಭಾಗದ ಫಲಕದಲ್ಲಿ 100 ವೋಲ್ಟ್ ಎಂದಷ್ಟೇ ಬರೆದಿರುವುದನ್ನು ಕಂಡರೆ, ಹಣ ಕೊಡುವ ಮೊದಲು ಮುಂಭಾಗದ ಡಯಲಿನ ಕೊನೆಯ ಅಂಕಿಯನ್ನೂ ಓದಿಕೊಳ್ಳಬೇಕು.